ಹೆಡ್ ಫೇಸಿಂಗ್ ಆಯ್ತು, ಇನ್ನು ದಪ್ಪ ಗ್ಯಾಸ್ಕೆಟ್ ಹಾಕಬೇಕಾ?

ಕೊಪ್ಪದ ಓದುಗರೊಬ್ಬರ ಪ್ರಶ್ನೆ:

“ಸರ್, ನನ್ನ ಹತ್ತಿರ 2002ರ ಕ್ವಾಲಿಸ್ ಡೀಸೆಲ್ ಇದೆ. ನಾನು ಎರಡನೇ ಮಾಲೀಕ. 3.4 ಲಕ್ಷ ಕಿ.ಮೀ. ಓಡಿದೆ. ಹೋದ ತಿಂಗಳು ಉಡುಪಿಯಿಂದ ಮನೆಯವರನ್ನೆಲ್ಲ ಕರೆದುಕೊಂಡು ಬರುವಾಗ ಆಗುಂಬೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಎರಡು ಸಲ ನಿಲ್ಲಿಸಿ, ನೀರು ಹಾಕಿ, ಹೇಗೋ ಮೇಲೆ ಬಂದೆವು. ಆಮೇಲಿಂದ ರೇಡಿಯೇಟರ್‌ನಲ್ಲಿ ಗುಳ್ಳೆ ಬರುತ್ತಿತ್ತು, ನೀರು ಕಡಿಮೆಯಾಗುತ್ತಿತ್ತು. ಹೆಡ್ ಇಳಿಸಿದಾಗ 2 ಮತ್ತು 3ನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಲೇತ್‌ಗೆ ಹೋಗಿ 0.3 ಮಿ.ಮೀ. ಫೇಸಿಂಗ್ ಆಗಿ ಬಂದಿದೆ. ಈಗ ಗ್ಯಾಸ್ಕೆಟ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಮ್ಮ ಮೆಕ್ಯಾನಿಕ್ ‘ಫೇಸಿಂಗ್ ಆಗಿದೆ, ದಪ್ಪದ್ದೇ ಬೇಕು’ ಎನ್ನುತ್ತಾರೆ. ಅವರ ಅಣ್ಣ ‘ಗಾಡಿ ಹಳೆಯದು, ಕಂಪ್ರೆಷನ್ ಇಳಿದಿರುತ್ತದೆ, ತೆಳ್ಳಗಿನದು ಹಾಕು’ ಎನ್ನುತ್ತಾರೆ. ಲೇತ್‌ನವರು ‘ಎರಡು ಗ್ಯಾಸ್ಕೆಟ್ ಹಾಕಿದರೆ ಇನ್ನು ಜನ್ಮದಲ್ಲಿ ಹೋಗಲ್ಲ’ ಎಂದರು. ಅಂಗಡಿಯಲ್ಲಿ ಕೇಳಿದರೆ ‘ಬಿ’ ಬೇಕಾ, ‘ಡಿ’ ಬೇಕಾ, ‘ಎಫ್’ ಬೇಕಾ ಅಂತ ನನ್ನನ್ನೇ ಕೇಳಿದರು. ಹಳೆಯ ಗ್ಯಾಸ್ಕೆಟ್ ಮೇಲೆ ‘ಡಿ’ ಅಂತ ಕಾಣುತ್ತದೆ. ಯಾವುದು ತರಲಿ?”

ನಿಮ್ಮ ಗೊಂದಲ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಹೊಸ ಓದುಗರಿಗೆ ಮೊದಲು ಒಂದು ಮಾತು: ಸಿಲಿಂಡರ್‌ಗಳಿರುವ ಕೆಳಭಾಗ ಬ್ಲಾಕ್, ಅದರ ಮೇಲಿನ ಮುಚ್ಚಳ ಹೆಡ್, ಎರಡರ ನಡುವೆ ಸೋರದಂತೆ ಕೂರಿಸುವ ಹಾಳೆ ಗ್ಯಾಸ್ಕೆಟ್. ಹೆಡ್‌ನ ಮುಖ ಸಮ ಬರುವಂತೆ ತರಿಯುವುದು ಫೇಸಿಂಗ್, ಪಿಸ್ಟನ್ ಗಾಳಿಯನ್ನು ಅದುಮುವುದು ಕಂಪ್ರೆಷನ್. ಒಂದು ಸಲ ಹೆಡ್ ಇಳಿಸಿ ಕೂರಿಸುವುದಕ್ಕೆ ಆಗುವ ಖರ್ಚಿನಲ್ಲಿ ಗ್ಯಾಸ್ಕೆಟ್‌ನ ಬೆಲೆ ಸಣ್ಣ ಪಾಲು. ತಪ್ಪು ಗ್ಯಾಸ್ಕೆಟ್ ಹಾಕಿದರೆ ಮಾತ್ರ ಆ ಇಡೀ ಖರ್ಚು ಇನ್ನೊಮ್ಮೆ. ಹಾಗಾಗಿ ಮೊದಲು ಒಂದು ವಿನಂತಿ: ಈ ಉತ್ತರ ಪೂರ್ತಿ ಓದುವ ತನಕ ಯಾವುದನ್ನೂ ಕೊಳ್ಳಬೇಡಿ. ಹೆಡ್ ಇನ್ನೂ ಹೊರಗಿದೆ ಎನ್ನುವುದು ನಿಮ್ಮ ಅದೃಷ್ಟ. ಅಳತೆ ತೆಗೆಯಲು ಇದೇ ಸರಿಯಾದ ಸಮಯ.

ಗ್ಯಾಸ್ಕೆಟ್‌ನ ದಪ್ಪವನ್ನು ತೀರ್ಮಾನ ಮಾಡುವುದು ನಿಮ್ಮ ಹೆಡ್ ಅಲ್ಲ, ಕೆಳಗಿರುವ ಪಿಸ್ಟನ್. ಉಳಿದ ಮಾತೆಲ್ಲ ಇದರಿಂದಲೇ ಹೊರಡುತ್ತದೆ.

ಕ್ವಾಲಿಸ್ 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಬಂದ ಗಾಡಿ. ಅದರಲ್ಲಿರುವುದು ಟೊಯೋಟಾದ 2ಎಲ್ ಕುಟುಂಬದ ಎಂಜಿನ್. 2446 ಸಿಸಿ, ನಾಲ್ಕು ಸಿಲಿಂಡರ್, ಬೋರ್ 92 ಮಿ.ಮೀ., ಸ್ಟ್ರೋಕ್ ಕೂಡ 92. ಈ ಎಂಜಿನ್‌ನ ಪಿಸ್ಟನ್ ಮೇಲೆ ಬಂದು ನಿಂತಾಗ ಬ್ಲಾಕ್‌ನ ಮಟ್ಟಕ್ಕೆ ನಿಲ್ಲುವುದಿಲ್ಲ. ಒಂದಿಷ್ಟು ಹೊರಗೆ ಇಣುಕುತ್ತದೆ. ಬೆರಳಾಡಿಸಿದರೆ ಆ ಮೆಟ್ಟಿಲು ಕೈಗೇ ಸಿಗುತ್ತದೆ. ಬ್ಲಾಕ್, ಕ್ರ್ಯಾಂಕ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಇವೆಲ್ಲ ತಯಾರಾಗುವಾಗ ಕೂದಲೆಳೆಯಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅದೆಲ್ಲ ಕೂಡಿ ಒಂದು ಎಂಜಿನ್‌ನಲ್ಲಿ ಪಿಸ್ಟನ್ 0.70 ಮಿ.ಮೀ. ಇಣುಕಿದರೆ ಇನ್ನೊಂದರಲ್ಲಿ 0.90 ಇಣುಕುತ್ತದೆ. ಈ ವ್ಯತ್ಯಾಸವನ್ನು ಸರಿದೂಗಿಸಲಿಕ್ಕೇ ಮೂರು ದಪ್ಪದ ಗ್ಯಾಸ್ಕೆಟ್ ಮಾಡಿದ್ದಾರೆ.

ಲೆಕ್ಕ ಹೀಗಿದೆ. ಪಿಸ್ಟನ್ 0.68ರಿಂದ 0.77 ಮಿ.ಮೀ. ಹೊರಗೆ ಬಂದರೆ ‘ಬಿ’. 0.78ರಿಂದ 0.87 ಆದರೆ ‘ಡಿ’. 0.88ರಿಂದ 0.97 ಆದರೆ ‘ಎಫ್’. ಬಿಗಿ ಮಾಡಿದ ಮೇಲೆ ‘ಬಿ’ಯ ದಪ್ಪ 1.40ರಿಂದ 1.50 ಮಿ.ಮೀ., ‘ಡಿ’ 1.50ರಿಂದ 1.60, ‘ಎಫ್’ 1.60ರಿಂದ 1.70. ಕಳೆದು ನೋಡಿ. ಮೂರರಲ್ಲಿ ಯಾವುದೇ ಆದರೂ ಪಿಸ್ಟನ್ ತಲೆಗೂ ಹೆಡ್‌ಗೂ ನಡುವೆ ಉಳಿಯುವ ಸಂದು ಹೆಚ್ಚುಕಡಿಮೆ ಒಂದೇ, 0.7 ಮಿ.ಮೀ.ನ ಆಸುಪಾಸು. ನಿಮ್ಮ ಜೇಬಿನಲ್ಲಿರುವ ಎಟಿಎಂ ಕಾರ್ಡ್‌ನ ದಪ್ಪ ಅಷ್ಟೇ ಇರುತ್ತದೆ. ಆ ಸಂದನ್ನು ಕಾಪಾಡುವುದೇ ಈ ಅಕ್ಷರಗಳ ಕೆಲಸ. ‘ಎಫ್’ ಎಂದರೆ ಗಟ್ಟಿ ಮಾಲು, ‘ಬಿ’ ಎಂದರೆ ಸಾಧಾರಣ ಮಾಲು ಅಂತಲ್ಲ.

ಈಗ ನಿಮ್ಮ ಮೆಕ್ಯಾನಿಕ್ ಹೇಳಿದ್ದಕ್ಕೆ ಬರೋಣ. ಅವರು ಸುಮ್ನೆ ಹೇಳಿದ್ದಲ್ಲ. ಅದಕ್ಕೊಂದು ಹಿನ್ನೆಲೆ ಇದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಪೆಟ್ರೋಲ್ ಎಂಜಿನ್‌ಗಳಲ್ಲಿ ಪೆಟ್ರೋಲ್ ಉರಿಯುವ ಗುಂಡಿ ಹೆಡ್‌ನಲ್ಲೇ ಇರುತ್ತದೆ. ಹೆಡ್ ತರಿದರೆ ಆ ಗುಂಡಿ ಆಳ ಕಳೆದುಕೊಳ್ಳುತ್ತದೆ, ಕಂಪ್ರೆಷನ್ ಏರುತ್ತದೆ, ಎಂಜಿನ್ ಕುಟ್ಟಲು ಶುರುಮಾಡುತ್ತದೆ. ಅಲ್ಲಿ ದಪ್ಪ ಗ್ಯಾಸ್ಕೆಟ್ ಹಾಕಿ ಸರಿದೂಗಿಸುತ್ತಿದ್ದರು. ಆ ಕಾಲದ ಕೈಗಳಿಂದ ಕೆಲಸ ಕಲಿತವರು ಅದೇ ಮಾತನ್ನು ಡೀಸೆಲ್‌ಗೂ ಹೇಳುತ್ತಾರೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿಯೂ ಹಾಗೇ ಹೇಳುತ್ತಿದ್ದರು.

ನಿಮ್ಮ ಎಂಜಿನ್‌ನ ಹೆಡ್ ಬೇರೆ ರೀತಿ. ಅದರ ಮುಖ ಚಪ್ಪಟೆ. ಡೀಸೆಲ್ ಉರಿಯಲು ಶುರುವಾಗುವುದು ಒಳಗಿನ ಸಣ್ಣ ಕೋಣೆಯಲ್ಲಿ. ಆ ಕೋಣೆಯ ಬಾಯಿಗೆ ಒಂದು ಲೋಹದ ಬಿಲ್ಲೆ ಕೂರಿಸಿರುತ್ತಾರೆ, ಅದು ಮುಖದ ಮಟ್ಟಕ್ಕೆ ಕಾಣುತ್ತದೆ. ಚಪ್ಪಟೆ ಮುಖವನ್ನು 0.3 ಮಿ.ಮೀ. ತರಿದರೂ ಅದು ಚಪ್ಪಟೆಯಾಗಿಯೇ ಉಳಿಯಿತು ಅಲ್ವಾ? ಗ್ಯಾಸ್ಕೆಟ್ ಮೇಲೆ ಕೂತಾಗ ಪಿಸ್ಟನ್‌ಗೂ ಹೆಡ್‌ಗೂ ಇರುವ ಸಂದು ಮೊದಲಿನಷ್ಟೇ. ಹಾಗಿದ್ದ ಮೇಲೆ ದಪ್ಪ ಗ್ಯಾಸ್ಕೆಟ್‌ನಿಂದ ಸರಿದೂಗಿಸುವುದು ಏನನ್ನು?

ಹಾಗಂತ ಫೇಸಿಂಗ್‌ನಿಂದ ಏನೂ ಬದಲಾಗಲಿಲ್ಲ ಎಂದಲ್ಲ. ಬದಲಾದದ್ದು ವಾಲ್ವ್. ವಾಲ್ವ್‌ನ ತಲೆ ಹೆಡ್ ಮುಖಕ್ಕಿಂತ ಸ್ವಲ್ಪ ಒಳಗೆ ಕೂತಿರಬೇಕು. ಮುಖದಿಂದ 0.3 ತರಿದರೆ ವಾಲ್ವ್ ಅಷ್ಟೇ ಪಿಸ್ಟನ್‌ಗೆ ಹತ್ತಿರ ಬಂತು. ಇದಕ್ಕೆ ಮದ್ದು ಗ್ಯಾಸ್ಕೆಟ್ ಅಲ್ಲ. ವಾಲ್ವ್ ಸೀಟ್ ಕತ್ತರಿಸಿ, ವಾಲ್ವ್‌ಗಳನ್ನು ಮತ್ತೆ ಒಳಗೆ ಇಳಿಸಬೇಕು. ಆಮೇಲೆ ಟ್ಯಾಪೆಟ್ ಕ್ಲಿಯರೆನ್ಸ್, ಅಂದರೆ ವಾಲ್ವ್ ಒತ್ತುವ ಭಾಗಗಳ ನಡುವಿನ ಸಂದು, ಹೊಂದಿಸಬೇಕು. ಫೇಸಿಂಗ್ ಮಾಡಿದವರು ಸೀಟ್ ಕೆಲಸ ಮಾಡಿದ್ದಾರಾ ಅಂತ ಇವತ್ತೇ ಕೇಳಿ. ಒಂದು ಸ್ಟೀಲ್ ಪಟ್ಟಿಯನ್ನು ಹೆಡ್ ಮುಖದ ಮೇಲೆ ಅಡ್ಡ ಇಟ್ಟು, ಎಲ್ಲ 8 ವಾಲ್ವ್‌ಗಳೂ ಕೆಳಗೆ ಇವೆಯಾ ನೋಡಿ. ಎಷ್ಟು ಕೆಳಗೆ ಎನ್ನುವುದನ್ನು ಡೆಪ್ತ್ ಗೇಜ್‌ನಿಂದ ಅಳೆದು ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಬೇಕು. ಹಾಗೆಯೇ ಆ ನಾಲ್ಕು ಬಿಲ್ಲೆಗಳು. ಉಗುರು ಎಡವದಷ್ಟು ಸಮ ಇರಬೇಕು. ಒಂದು ಬಿಲ್ಲೆ ಕುಸಿದಿದ್ದರೂ ಗ್ಯಾಸ್ಕೆಟ್‌ನಲ್ಲಿ ಸಿಲಿಂಡರ್ ಸುತ್ತ ಇರುವ ಲೋಹದ ಬೆಂಕಿ ಬಳೆಗೆ ಅಲ್ಲಿ ಹಿಡಿತ ಸಿಗುವುದಿಲ್ಲ. ಹೊಸ ಗ್ಯಾಸ್ಕೆಟ್ ಅದೇ ಜಾಗದಲ್ಲಿ ಸುಡುತ್ತದೆ.

ಇನ್ನು ತೆಳ್ಳಗಿನ ಗ್ಯಾಸ್ಕೆಟ್‌ನ ಸಲಹೆ. ನಿಮಗೆ ಸಿಕ್ಕ ಸಲಹೆಗಳಲ್ಲಿ ನನಗೆ ಜಾಸ್ತಿ ಭಯ ಇರುವುದು ಇದರದ್ದೇ. 3.4 ಲಕ್ಷ ಓಡಿದ ಎಂಜಿನ್‌ನಲ್ಲಿ ಕಂಪ್ರೆಷನ್ ಇಳಿದಿದ್ದರೆ ಕಾರಣ ರಿಂಗು, ಬೋರು ಅಥವಾ ವಾಲ್ವ್ ಸೀಟು. ಗಾಳಿ ಸೋರುತ್ತಿರುವ ಜಾಗ ಅದು. ಸಂದು ಕಿರಿದು ಮಾಡಿದರೆ ಸೋರಿಕೆ ನಿಲ್ಲುವುದಿಲ್ಲ. ಆದರೆ ಅಪಾಯ ಮಾತ್ರ ನಿಜ. ನಿಮ್ಮ ಪಿಸ್ಟನ್ 0.95 ಇಣುಕುತ್ತಿದೆ ಅಂದುಕೊಳ್ಳಿ. ‘ಬಿ’ ಹಾಕಿದರೆ ಉಳಿಯುವುದು 0.45 ಮಿ.ಮೀ. ಎಂಜಿನ್ ಬಿಸಿಯಾದಾಗ ಪಿಸ್ಟನ್ ಹಿಗ್ಗುತ್ತದೆ. ವೇಗದಲ್ಲಿ ರಾಡ್ ಒಂದು ಎಳೆ ಹಿಗ್ಗುತ್ತದೆ, ಸವೆದ ಬೇರಿಂಗ್‌ನ ಆಟ ಅದಕ್ಕೆ ಸೇರುತ್ತದೆ. ಪಿಸ್ಟನ್ ತಲೆಯ ಮೇಲೆ ಮಸಿ ಕಟ್ಟುತ್ತದೆ. ಇವೆಲ್ಲ ಆ ಅರ್ಧ ಮಿ.ಮೀ.ನೊಳಗೇ ಆಗಬೇಕು. ಪಿಸ್ಟನ್ ಹೆಡ್‌ಗೆ ತಾಗಿದರೆ ಮೊದಲು ಟಕಟಕ ಸದ್ದು, ಆಮೇಲೆ ದೊಡ್ಡ ಬಿಲ್ಲು.

ದಪ್ಪದ್ದು ಹಾಕಿದರೆ? ಒಡೆಯುವುದಿಲ್ಲ, ಬೇರೆ ತೊಂದರೆ ಕೊಡುತ್ತದೆ. ಈ ಎಂಜಿನ್‌ನ ಕಂಪ್ರೆಷನ್ ಅನುಪಾತ, ಅಂದರೆ ಪಿಸ್ಟನ್ ಗಾಳಿಯನ್ನು ಎಷ್ಟು ಪಟ್ಟು ಅದುಮುತ್ತದೆ ಎನ್ನುವುದು, 22ರ ಆಸುಪಾಸು. ಒಂದು ಅಕ್ಷರ ದಪ್ಪ ಹಾಕಿದರೆ, ಅಂದರೆ 0.10 ಮಿ.ಮೀ. ಜಾಸ್ತಿಯಾದರೆ, ಅದು ಸುಮಾರು ಅರ್ಧ ಇಳಿಯುತ್ತದೆ. ‘ಬಿ’ ಬೇಕಾದಲ್ಲಿ ‘ಎಫ್’ ಹಾಕಿದರೆ ಸುಮಾರು ಒಂದು. ಹೊಸ ಎಂಜಿನ್‌ನಲ್ಲಿ ಇದು ಗೊತ್ತೇ ಆಗದಿರಬಹುದು. ಸವೆದ ಎಂಜಿನ್‌ನಲ್ಲಿ ಗೊತ್ತಾಗುತ್ತದೆ, ಅದರಲ್ಲೂ ನಿಮ್ಮ ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ. ನಾನು ಶುರುವಿನ ವರ್ಷಗಳಲ್ಲಿ ಹೀಗೇ ಫೇಸಿಂಗ್ ಆಗಿದೆ ಅಂತ ಅಳತೆ ಮಾಡದೆ ದಪ್ಪದ್ದು ಹಾಕಿದ ಒಂದು ಗಾಡಿ ಮೂಡಿಗೆರೆ ಕಡೆ ಹೋಗಿತ್ತು. ಹಗಲು ಏನೂ ತೊಂದರೆ ಇಲ್ಲ. ಬೆಳಿಗ್ಗೆ ಮಾತ್ರ ಹೀಟರ್ ಪ್ಲಗ್ ಮೂರು ಸಲ ಕಾಯಿಸಬೇಕು, ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಬಿಳಿ ಹೊಗೆ. ಹೀಟರ್ ಪ್ಲಗ್ ಬದಲಾಯಿಸಿದೆವು, ನಾಝಲ್ ಮಾಡಿಸಿದೆವು, ಬ್ಯಾಟರಿ ಬದಲಾಯಿಸಿದೆವು. ಕೊನೆಗೆ ಹೆಡ್ ಇಳಿಸಿ ಅಳೆದಾಗ ‘ಬಿ’ ಬೇಕಿತ್ತು ಅಂತ ಗೊತ್ತಾಯಿತು. ಆ ಮಾಲೀಕರ ದುಡ್ಡು ನನ್ನ ತಪ್ಪಿನಿಂದ ಹೋಯಿತು. ಅವತ್ತಿನಿಂದ ಡಯಲ್ ಗೇಜ್ ಇಡದೆ ಒಂದು ಡೀಸೆಲ್ ಹೆಡ್ಡೂ ಕೂರಿಸಿಲ್ಲ.

ಎರಡು ಗ್ಯಾಸ್ಕೆಟ್ ಹಾಕುವುದಂತೂ ಬೇಡವೇ ಬೇಡ. ಲೆಕ್ಕ ಹಾಕಿದರೆ 22 ಇದ್ದ ಅನುಪಾತ 17ಕ್ಕಿಂತ ಕೆಳಗೆ ಬರುತ್ತದೆ. ಈ ಜಾತಿಯ ಎಂಜಿನ್ ಅಷ್ಟರಲ್ಲಿ ತಣ್ಣಗಿದ್ದಾಗ ಸ್ಟಾರ್ಟ್ ಆಗುವುದೇ ಕಷ್ಟ. ಜೊತೆಗೆ ಎರಡು ಪದರ ಒಂದರ ಮೇಲೊಂದು ಜಾರುತ್ತವೆ, ನೀರಿನ ತೂತುಗಳ ಸುತ್ತ ಸೋರುವ ಜಾಗ ಎರಡಾಗುತ್ತದೆ.

ಹಾಗಾದರೆ ಹಳೆಯದರ ಮೇಲಿರುವ ‘ಡಿ’? ಅದು ಒಳ್ಳೆಯ ಸುಳಿವು, ಆದರೆ ತೀರ್ಪಲ್ಲ. ಕಾರ್ಖಾನೆಯಿಂದ ಬಂದ ಮೇಲೆ ಈ ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ ಎಂದು ಖಾತ್ರಿ ಇದ್ದರೆ ‘ಡಿ’ ನಂಬಬಹುದಿತ್ತು. ನೀವು ಎರಡನೇ ಮಾಲೀಕರು. ಮೊದಲಿನವರು ಯಾವಾಗಲಾದರೂ ಹೆಡ್ ಇಳಿಸಿ, ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಸಿರಬಹುದು. ಪಿಸ್ಟನ್ ಬದಲಾಗಿದ್ದರೆ, ಬ್ಲಾಕ್‌ನ ಮುಖ ತರಿದಿದ್ದರೆ ಹಳೆಯ ಅಕ್ಷರಕ್ಕೆ ಅರ್ಥವೇ ಉಳಿಯುವುದಿಲ್ಲ. ಬ್ಲಾಕ್ ಫೇಸಿಂಗ್ ಆದರೆ ಪಿಸ್ಟನ್ ಅಷ್ಟೇ ಜಾಸ್ತಿ ಇಣುಕುತ್ತದೆ. ದಪ್ಪ ಗ್ಯಾಸ್ಕೆಟ್ ನಿಜವಾಗಿ ಬೇಕಾಗುವುದು ಆಗ.

ಅಳೆಯುವ ಕೆಲಸ ಅರ್ಧ ಗಂಟೆಯದ್ದು. ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್ ಲೇತ್ ಅಂಗಡಿಯಲ್ಲಿ ಇದ್ದೇ ಇರುತ್ತದೆ, ಅವರನ್ನೇ ಕರೆಸಿ. ಮೊದಲು ಬ್ಲಾಕ್ ಮುಖ ಮತ್ತು ಪಿಸ್ಟನ್ ತಲೆಯ ಮಸಿ ಚೆನ್ನಾಗಿ ತೆಗೆಯಿರಿ. ಗೇಜ್‌ನ ಮೊನೆಯನ್ನು ಬ್ಲಾಕ್ ಮುಖದ ಮೇಲೆ ಇಟ್ಟು ಸೊನ್ನೆ ಮಾಡಿ. ಆಮೇಲೆ ಮೊನೆಯನ್ನು ಪಿಸ್ಟನ್ ಮೇಲಿಟ್ಟು, ಕ್ರ್ಯಾಂಕನ್ನು ಕೈಯಿಂದ ನಿಧಾನ ಹಿಂದೆ ಮುಂದೆ ತಿರುಗಿಸಿ. ಮುಳ್ಳು ಅತಿ ಹೆಚ್ಚು ತೋರಿಸಿದ್ದು ನಿಮ್ಮ ಅಳತೆ. ಒಂದೊಂದು ಪಿಸ್ಟನ್‌ನಲ್ಲೂ ಎರಡು ಜಾಗದಲ್ಲಿ ಅಳೆಯಬೇಕು, ಒಟ್ಟು 8 ಅಳತೆ. ಆ ಎರಡು ಜಾಗ ಗಜನ್ ಪಿನ್ (ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಪಿನ್) ಹೋಗುವ ಗೆರೆಯ ಮೇಲೇ, ಅಂದರೆ ಎಂಜಿನ್‌ನ ಉದ್ದಕ್ಕೆ ಇರಲಿ. ಅಡ್ಡಕ್ಕೆ ಇಟ್ಟರೆ ಪಿಸ್ಟನ್ ವಾಲಾಡಿ ಸುಳ್ಳು ಅಂಕಿ ಕೊಡುತ್ತದೆ. ಟೈಮಿಂಗ್ ಬೆಲ್ಟ್ ಬಿಚ್ಚಿದ್ದೀರಿ, ಮತ್ತೆ ಹಾಕುವಾಗ ಗುರುತು ಕೂಡಿಸಲೇಬೇಕು ಎನ್ನುವುದು ನೆನಪಿರಲಿ. ಆ ಬೆಲ್ಟನ್ನೂ ಈಗಲೇ ಹೊಸದು ಹಾಕಿಬಿಡಿ.

8 ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಸರಾಸರಿ ತೆಗೆಯಬೇಡಿ. ಅತಿ ದೊಡ್ಡ ಅಂಕಿ ಯಾವುದೋ ಅದಕ್ಕೆ ತಕ್ಕ ಅಕ್ಷರ. ಮೂರು ಪಿಸ್ಟನ್ 0.80, ಒಂದು 0.89 ಎಂದಿದ್ದರೆ ‘ಎಫ್’ ಹಾಕಬೇಕು. ತಾಗುವುದು ಎತ್ತರದ ಪಿಸ್ಟನ್ ಅಲ್ವಾ? ಯಾವುದಾದರೂ 0.97 ಮೀರಿದರೆ ಅಥವಾ 0.68ಕ್ಕೆ ಮುಟ್ಟದಿದ್ದರೆ ಅಲ್ಲಿಗೆ ನಿಲ್ಲಿಸಿ. ತಪ್ಪು ಎತ್ತರದ ಪಿಸ್ಟನ್, ಬಾಗಿದ ರಾಡ್ ಅಥವಾ ತರಿದ ಬ್ಲಾಕ್, ಈ ಮೂರರಲ್ಲಿ ಒಂದಿರುತ್ತದೆ. ನೀರು ನುಗ್ಗಿದ ಎಂಜಿನ್‌ನಲ್ಲಿ ರಾಡ್ ಬಾಗಿ ಒಂದು ಪಿಸ್ಟನ್ ಮಾತ್ರ ಕೆಳಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಇನ್ನು ಯಾವ ಮಾಲು ಎನ್ನುವುದು. ನಿಮ್ಮ ಎಂಜಿನ್‌ಗೆ ಸಾಮಾನ್ಯವಾಗಿ ಸಿಗುವುದು ಕಾಂಪೋಸಿಟ್ ಗ್ಯಾಸ್ಕೆಟ್. ನಡುವೆ ಉಕ್ಕಿನ ತಗಡು, ಎರಡು ಕಡೆ ಒತ್ತಿದರೆ ಅದುಮುವ ಪದರ, ಸಿಲಿಂಡರ್ ಸುತ್ತ ಬೆಂಕಿ ಬಳೆ. ನನ್ನ ಓಟು ಇದಕ್ಕೇ. ಪೂರ್ತಿ ಉಕ್ಕಿನ ಹಲವು ಪದರದ ಗ್ಯಾಸ್ಕೆಟ್‌ಗಳೂ ಬಂದಿವೆ. ಅವು ಒಳ್ಳೆಯವೇ, ಆದರೆ ಅವಕ್ಕೆ ಹೆಡ್ ಮತ್ತು ಬ್ಲಾಕ್ ಎರಡರ ಮುಖವೂ ಕನ್ನಡಿಯ ಹತ್ತಿರದಷ್ಟು ನುಣುಪಾಗಿರಬೇಕು. ನಿಮ್ಮ ಹೆಡ್ ಫೇಸಿಂಗ್ ಆಗಿದೆ, ಬ್ಲಾಕ್ 20 ವರ್ಷಕ್ಕೂ ಹಳೆಯದು. ಅದರ ಸಣ್ಣ ಗೀರುಗಳನ್ನು ಕಾಂಪೋಸಿಟ್ ತುಂಬಿಕೊಳ್ಳುತ್ತದೆ, ಉಕ್ಕಿನದು ತುಂಬಿಕೊಳ್ಳುವುದಿಲ್ಲ. ತಾಮ್ರದ್ದು ಯಾರಾದರೂ ಹೇಳಿದರೆ ಬೇಡ ಎನ್ನಿ. ಈ ಎಂಜಿನ್ ಅದಕ್ಕಾಗಿ ಮಾಡಿದ್ದಲ್ಲ.

ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಆಗಲಿ, ನಿಮ್ಮೂರ ಅಂಗಡಿಯಲ್ಲಿ ಆಗಲಿ, ಪ್ಯಾಕೆಟ್ ಮೇಲಿನ ಅಕ್ಷರ ನೋಡಿ ಸುಮ್ಮನಾಗಬೇಡಿ. ಗ್ಯಾಸ್ಕೆಟ್ ಮೇಲೇ ಅಕ್ಷರ ಇದೆಯಾ ನೋಡಿ. ‘ಎಲ್ಲಕ್ಕೂ ಆಗುತ್ತೆ’ ಎನ್ನುವ ಗುರುತಿಲ್ಲದ ಮಾಲು ಸಾಮಾನ್ಯವಾಗಿ ದಪ್ಪದ ಕಡೆಯದು. ಮಾರುವವರಿಗೆ ಅದು ಸುರಕ್ಷಿತ. ಯಾರ ಪಿಸ್ಟನ್ನೂ ತಾಗುವುದಿಲ್ಲ, ದೂರೂ ಬರುವುದಿಲ್ಲ. ನಿಮಗೆ ಮಾತ್ರ ಬೆಳಗಿನ ಹೊಗೆ. ‘ಬಿ’ ಬೇಕಾಗಿ ಸಿಗದಿದ್ದರೆ ಒಂದು ವಾರ ಕಾಯಿರಿ ಎನ್ನುತ್ತೇನೆ. ಗಾಡಿ ತುರ್ತಾಗಿ ಬೇಕು, ‘ಡಿ’ ಮಾತ್ರ ಇದೆ ಎಂದರೆ ಒಂದು ಅಕ್ಷರ ದಪ್ಪಕ್ಕೆ ಒಪ್ಪಬಹುದು. ಒಂದು ಅಕ್ಷರ ತೆಳ್ಳಗಿನದಕ್ಕೆ ಯಾವತ್ತೂ ಒಪ್ಪಬೇಡಿ.

ಹಳೆಯ ಗ್ಯಾಸ್ಕೆಟ್‌ನ ಚೂರು ಬ್ಲಾಕ್ ಮೇಲೆ ಅಂಟಿರುತ್ತದೆ. ಹಳೆಯ ಮಾಲಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಮಾಡಿ, ಪಟ್ಟಿಯಿಂದ ಕೆರೆಯಲು ಹೇಳಿ. ಗ್ರೈಂಡರ್‌ಗೆ ಉಜ್ಜುವ ಬಿಲ್ಲೆ ಹಾಕಿ ಉಜ್ಜುವುದು ಬೇಡ, ಅದರ ಪುಡಿ ಆಯಿಲ್‌ಗೆ ಸೇರಿ ಬೇರಿಂಗ್ ತಿನ್ನುತ್ತದೆ. ಬೋಲ್ಟ್ ತೂತುಗಳಲ್ಲಿ ನೀರು, ಆಯಿಲ್ ನಿಂತಿರಬಾರದು. ನಿಂತಿದ್ದರೆ ಬೋಲ್ಟ್ ಬಿಗಿಯುವಾಗ ಬ್ಲಾಕ್ ಸೀಳಬಹುದು. ಬೋಲ್ಟ್ ಹೊಸದು ಸಿಕ್ಕರೆ ಹೊಸದೇ ಹಾಕಿ. ಟಾರ್ಕ್ ರೆಂಚ್ ಇಲ್ಲದೆ ಅಂದಾಜಿನಲ್ಲಿ ಬಿಗಿಯುವವರ ಕೈಗೆ ಈ ಕೆಲಸ ಕೊಡಬೇಡಿ. ನಡುವಿನಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದ ಹಂತಗಳಲ್ಲೇ ಬಿಗಿಯಬೇಕು. ಗ್ಯಾಸ್ಕೆಟ್‌ಗೆ ಗ್ರೀಸು, ಶೆಲ್ಯಾಕ್ ಹಚ್ಚುವುದು ಹಳೆಯ ಅಭ್ಯಾಸ. ಇದಕ್ಕೆ ಒಣಗಿದ ಮುಖವೇ ಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಂದು ಪ್ರಶ್ನೆ ಉಳಿಯಿತು. ಗಾಡಿ ಕಾದದ್ದು ಯಾಕೆ? ಗ್ಯಾಸ್ಕೆಟ್ ಸುಟ್ಟಿದ್ದರಿಂದ ಕಾದಿತಾ, ಕಾದದ್ದರಿಂದ ಸುಟ್ಟಿತಾ? ನೀವು ಹೇಳಿದ ಕ್ರಮ ನೋಡಿದರೆ ಎರಡನೆಯದೇ. ಗುಳ್ಳೆ ಬಂದದ್ದು ಘಾಟಿಯ ನಂತರ. ಆಗುಂಬೆಯ 14 ತಿರುವುಗಳಲ್ಲಿ ಗೇರ್ ಕೆಳಗಿರುತ್ತದೆ, ಗಾಡಿಯ ವೇಗ ಕಡಿಮೆ, ಎಂಜಿನ್ ವೇಗ ಜಾಸ್ತಿ. ರೇಡಿಯೇಟರ್‌ಗೆ ಗಾಳಿ ಸಿಗುವುದು ಫ್ಯಾನ್‌ನಿಂದ ಮಾತ್ರ. ಫ್ಯಾನ್ ಕ್ಲಚ್‌ನ ಎಣ್ಣೆ ಹೋಗಿದ್ದರೆ, ರೇಡಿಯೇಟರ್ ಒಳಗೆ ತುಕ್ಕು ಕಟ್ಟಿದ್ದರೆ, ಕ್ಯಾಪ್‌ನ ರಬ್ಬರ್ ಸತ್ತಿದ್ದರೆ ಸಪಾಟು ರಸ್ತೆಯಲ್ಲಿ ಗೊತ್ತಾಗದ ತೊಂದರೆ ಅಲ್ಲೇ ಬಯಲಾಗುತ್ತದೆ. ಇನ್ನೊಂದು, ಥರ್ಮೋಸ್ಟಾಟ್ (ನೀರು ಕಾದ ಮೇಲೆ ರೇಡಿಯೇಟರ್ ಕಡೆಗೆ ದಾರಿ ಬಿಡುವ ಬಾಗಿಲು) ಇದೆಯಾ ನೋಡಿ. ‘ಬಿಸಿ ಆಗ್ತಿದೆ, ತೆಗೆದುಬಿಡಿ’ ಎನ್ನುವುದು ನಮ್ಮಲ್ಲಿ ಮಾಮೂಲು. ತೆಗೆದರೆ ನೀರು ಸುತ್ತುವ ದಾರಿಯೇ ತಪ್ಪುತ್ತದೆ. ಒಂದಷ್ಟು ನೀರು ರೇಡಿಯೇಟರ್‌ಗೆ ಹೋಗದೆ ಬೈಪಾಸ್‌ನಲ್ಲೇ ವಾಪಸ್ ಬರುತ್ತದೆ. ಇದೆಲ್ಲ ಸರಿಮಾಡದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಮುಂದಿನ ಘಾಟಿಗೆ ಮತ್ತೆ ಅದೇ ಕತೆ.

ಹೆಡ್‌ಗೆ ಪ್ರೆಷರ್ ಟೆಸ್ಟ್ ಆಗಿದೆಯಾ? ನಿಮ್ಮ ಪತ್ರದಲ್ಲಿ ಅದರ ಮಾತಿಲ್ಲ. ಕಾದ ಹೆಡ್‌ನಲ್ಲಿ ಎರಡು ವಾಲ್ವ್‌ಗಳ ನಡುವೆ ಬಿರುಕು ಬರುವುದು ಅಪರೂಪವಲ್ಲ, ಮತ್ತು ಫೇಸಿಂಗ್ ಆದ ಮೇಲೆ ಮುಖ ಹೊಳೆಯುವುದರಿಂದ ಕಣ್ಣಿಗೆ ಕಾಣುವುದೂ ಇಲ್ಲ. ಬಿಸಿ ನೀರಿನಲ್ಲಿ ಮುಳುಗಿಸಿ, ನೀರಿನ ದಾರಿಗೆ ಗಾಳಿ ಕೊಟ್ಟು ನೋಡುವ ಕಡೆ ಮಾಡಿಸಿ. ಶಿವಮೊಗ್ಗ ತನಕ ಹೋಗಬೇಕಾಗಿ ಬಂದರೂ ಹೋಗಿ. ಬಿರುಕು ನೀರಿನ ದಾರಿಗೆ ಮುಟ್ಟಿದ್ದರೆ ಯಾವ ಅಕ್ಷರದ ಗ್ಯಾಸ್ಕೆಟ್ಟೂ ಗುಳ್ಳೆ ನಿಲ್ಲಿಸುವುದಿಲ್ಲ. ಹೆಡ್ ಬದಲಾಯಿಸುವುದೊಂದೇ ದಾರಿ.

ಬೇರೆ ಹಳೆಯ ಡೀಸೆಲ್ ಇಟ್ಟುಕೊಂಡವರಿಗೆ ಒಂದು ಮಾತು. ಮೇಲಿನ ಅಂಕಿಗಳು ಈ ಎಂಜಿನ್‌ಗೆ ಮಾತ್ರ. ಹಲವು ಎಂಜಿನ್‌ಗಳಲ್ಲಿ ಅಕ್ಷರದ ಬದಲು ಗ್ಯಾಸ್ಕೆಟ್ ಅಂಚಿನಲ್ಲಿ ಸಣ್ಣ ಕಚ್ಚು ಅಥವಾ ತೂತುಗಳಿರುತ್ತವೆ, ಹಳೆಯ ಫೋಕ್ಸ್‌ವ್ಯಾಗನ್ ಡೀಸೆಲ್‌ಗಳಲ್ಲಿ ಇದ್ದ ಹಾಗೆ. ಕೆಲವು ಎಂಜಿನ್‌ಗಳಲ್ಲಿ ನೀರು ನೇರ ಲೈನರ್‌ಗೆ, ಅಂದರೆ ಪಿಸ್ಟನ್ ಓಡಾಡುವ ಕೊಳವೆಗೆ, ತಾಗುತ್ತದೆ. ಅಲ್ಲಿ ಪಿಸ್ಟನ್ ಜೊತೆಗೆ ಲೈನರ್ ಬ್ಲಾಕ್‌ಗಿಂತ ಎಷ್ಟು ಎತ್ತರ ಇದೆ ಎಂದೂ ಅಳೆಯಬೇಕು. ಒಂದು ಲೈನರ್ ತಗ್ಗಿದ್ದರೂ ಗ್ಯಾಸ್ಕೆಟ್ ಉಳಿಯುವುದಿಲ್ಲ.

ನೀವು ಆ 8 ಅಂಕಿ ಬರೆದ ಚೀಟಿಯನ್ನು ಅಂಗಡಿಗೆ ಹೋಗುವಾಗ ಜೊತೆಗೆ ಒಯ್ಯಿರಿ. ಆಮೇಲೆ ಅದನ್ನು ಗಾಡಿಯ ಆರ್‌ಸಿ ಜೊತೆಗೇ ಇಡಿ. ಎಂಜಿನ್ ಕೂಡಿಸಿದ ಮೇಲೆ ಬರೀ ನೀರು ಹಾಕದೆ ಕೂಲಂಟ್ ಬೆರೆಸಿ. ಮೊದಲ ಒಂದು ವಾರ ದಿನಾ ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಪ್ ತೆಗೆದು ಮಟ್ಟ ನೋಡಿ. ಮೊದಲ ಒಂದೆರಡು ದಿನ ಒಳಗಿನ ಗಾಳಿ ಹೊರಬಂದು ಸ್ವಲ್ಪ ಇಳಿಯುವುದು ಸಹಜ. ಮೂರನೇ ದಿನವೂ ಇಳಿಯುತ್ತಿದ್ದರೆ ಘಾಟಿಗೆ ಇಳಿಸಬೇಡಿ, ನನಗೆ ಬರೆಯಿರಿ.